ಮದುವೆ ಕಾರ್ಡಿನ ಹಿಂಬದಿಯ ಬಾಣ

ನೀವು ಸೇರಬೇಕಾದ ಜಾಗ ಬಂದಿದೆ ಎಂದು ಮೊಬೈಲು ಇಂಗ್ಲಿಷಿನಲ್ಲಿ ಘೋಷಿಸಿದಾಗ ನಾನು ಕಾರ್ಕಳದ ಕಡೆಯ ಒಂದು ಕಲ್ಲುಕೋರೆಯ ಅಂಚಿನಲ್ಲಿ ನಿಂತಿದ್ದೆ. ಮೂವತ್ತು ಅಡಿ ಕೆಳಗೆ ಹಸಿರು ನೀರು. ಮುಂದೆ ದಾರಿಯೂ ಇಲ್ಲ, ಮನೆಯೂ ಇಲ್ಲ. ಆಚೆ ದಡದಲ್ಲಿ ದನ ಕಟ್ಟುತ್ತಿದ್ದ ಒಬ್ಬರು ಹಿರಿಯ ಹೆಂಗಸು ನನ್ನನ್ನು ನೋಡಿ ನಗುತ್ತಿದ್ದರು.

"ಮೊಬೈಲ್ ನೋಡಿಕೊಂಡು ಬಂದದ್ದಲ್ವಾ?" ಎಂದು ಅಲ್ಲಿಂದಲೇ ಕೂಗಿದರು. "ಎಲ್ಲರೂ ಅಲ್ಲಿಗೇ ಬರುವುದು ಮಗಾ! ಹಿಂದೆ ಹೋಗು, ಶಿಲುಬೆಯ ಹತ್ತಿರ ಎಡಕ್ಕೆ ತಿರುಗು!"

ನನಗೆ ನಾಚಿಕೆಯಾಯಿತು. ಯಾಕೆಂದರೆ ಮೊಬೈಲಿನಲ್ಲಿ ಕಾಣುವ ಆ ಮ್ಯಾಪು ಮಾಡುವವರಲ್ಲಿ ನಾನೂ ಒಬ್ಬಳು.

ನನ್ನ ಹೆಸರು ಕ್ಯಾರಲ್. ವಯಸ್ಸು ಮೂವತ್ತೊಂಬತ್ತು, ಕೇಳಿದವರಿಗೆ ಮೂವತ್ತೇಳು. ಪುಣೆಯ ಒಂದು ಮ್ಯಾಪ್ ಕಂಪೆನಿಯಲ್ಲಿ ಕೆಲಸ. ಈಗಿನ ಮ್ಯಾಪಿಗೆ ಪೆನ್ನೂ ಬೇಡ, ಕಾಗದವೂ ಬೇಡ. ಉಪಗ್ರಹ ಮೇಲಿನಿಂದ ಫೋಟೋ ತೆಗೆಯುತ್ತದೆ, ರಸ್ತೆ ಯಾವುದು ಮನೆ ಯಾವುದು ಎಂದು ಕಂಪ್ಯೂಟರು ತಾನೇ ಗುರುತಿಸುತ್ತದೆ. ಒಂದು ಜಿಲ್ಲೆಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕೈತೊಳೆದುಕೊಳ್ಳುತ್ತದೆ. ಆದರೆ ನಮ್ಮ ಊರಿನ ಕಡೆ ಬಂದಾಗ ಅದರ ಜಂಭ ಇಳಿಯಿತು. ಗೇರು, ಹಲಸು, ತೆಂಗಿನ ಮರಗಳ ಅಡಿಯಲ್ಲಿ ನುಸುಳುವ ನಮ್ಮ ಓಣಿಗಳು ಆಕಾಶಕ್ಕೆ ಕಾಣುವುದಿಲ್ಲ. ಕಂಡದ್ದನ್ನು ಕಂಡಂತೆ, ಕಾಣದ್ದನ್ನು ಊಹಿಸಿ ಬರೆದುಬಿಟ್ಟಿತ್ತು. ಅದನ್ನು ತಿದ್ದಲು ನನ್ನನ್ನು ಮೂರು ತಿಂಗಳಿಗೆ ಮಣಿಪಾಲಕ್ಕೆ ಕಳುಹಿಸಿದರು.

"ನೀವು ಅಲ್ಲಿಯವರೇ ಅಲ್ಲವೇ, ನಿಮಗೆ ಸುಲಭ" ಎಂದರು ಬಾಸ್. ಹದಿನಾಲ್ಕು ವರ್ಷ ನಾನು ಆ ಕಡೆ ತಲೆ ಹಾಕಿಯೂ ಮಲಗಿಲ್ಲ ಎಂದು ಅವರಿಗೆ ಹೇಳಲಿಲ್ಲ. ಕಾರಣವನ್ನಂತೂ ಯಾರಿಗೂ ಹೇಳಿರಲಿಲ್ಲ.

ಆ ಹಿರಿಯ ಹೆಂಗಸಿನ ಹೆಸರು ರೋಸಲಿನ್ ಬಾಯಿ. ನಾನು ಶಿಲುಬೆಯ ಹತ್ತಿರ ಎಡಕ್ಕೆ ತಿರುಗಿ ಅವರ ಅಂಗಳ ಸೇರುವಷ್ಟರಲ್ಲಿ ಪುನರ್ಪುಳಿ ಶರಬತ್ತು ರೆಡಿ ಮಾಡಿದ್ದರು. ನನ್ನ ಕೆಲಸ ಏನೆಂದು ಕೇಳಿ ಇನ್ನೊಮ್ಮೆ ನಕ್ಕರು.

"ಮ್ಯಾಪ್ ಬೇಕಾದರೆ ನನ್ನನ್ನು ಕೇಳಬೇಕಿತ್ತು. ನನ್ನ ಹತ್ತಿರ ಉಂಟು."

ಒಳಗಿನಿಂದ ಒಂದು ಬಿಸ್ಕಿಟ್ ಡಬ್ಬಿ ತಂದರು. ಅದರ ತುಂಬ ಹಳೆಯ ಮದುವೆ ಕಾರ್ಡುಗಳು. ಮೇಲಿದ್ದದ್ದನ್ನು ತೆಗೆದು ತಿರುಗಿಸಿ ನನ್ನ ಕೈಯಲ್ಲಿಟ್ಟರು.

"ನನ್ನ ಮಗಳು ಆಂಜೆಲಾಳದ್ದು. ಎರಡು ಸಾವಿರದ ಹದಿನಾರು. ರೋಸಿಗೆ ನಾನೂರು ಜನ ಬಂದಿದ್ದಾರೆ. ಒಬ್ಬನಾದರೂ ಕೋರೆಗೆ ಹೋಗಿದ್ದಾನಾ ಕೇಳು!"

ನಮ್ಮ ಕೊಂಕಣಿ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಯ ಮುನ್ನಾದಿನ ವಧುವಿಗೆ ತೆಂಗಿನ ಹಾಲು ಹಚ್ಚುವ ರೋಸ್ ಮನೆಯ ಅಂಗಳದಲ್ಲೇ ಆಗಬೇಕು. ದೂರದ ನೆಂಟರಿಗೆ ಮನೆ ಸಿಗಬೇಕಲ್ಲ? ಅದಕ್ಕಾಗಿ ಕಾರ್ಡಿನ ಹಿಂಬದಿಯಲ್ಲಿ ಒಂದು ರೂಟ್ ಮ್ಯಾಪ್ ಅಚ್ಚು ಹಾಕಿಸುವುದು ಪದ್ಧತಿಯಾಗಿತ್ತು. ಊರಿನ ಇಗರ್ಜಿ, ಅಂದರೆ ಚರ್ಚು, ಕೆಳಗೆ; ಮನೆ ಮೇಲೆ, ನಡುವೆ ಭಜನಾ ಮಂದಿರ, ಹಾಲಿನ ಡೈರಿ, ಮಸೀದಿ, ಬಾವಿ.

ಆ ಬಾವಿಯನ್ನು ನೋಡಿ ನನ್ನ ಕೈ ನಿಂತಿತು. ಬಾವಿಯ ಕಟ್ಟೆಯ ಮೇಲೆ ಒಂದು ಪುಟ್ಟ ಕೊಡಪಾನ. ಬೆರಳ ಉಗುರಿನಷ್ಟು ಬಾವಿ ಬರೆದು ಅದಕ್ಕೆ ಕೊಡಪಾನವನ್ನೂ ಬರೆಯುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬನೇ. ಕ್ಲಾರೆನ್ಸ್.

ಆ ಹೆಸರು ಮುಖದಲ್ಲಿ ಕಾಣದಿರಲು ನಾನು ಏನು ಮಾಡಿದೆ? ಎಂದಿನಂತೆ ತಪ್ಪು ಹುಡುಕಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಮ್ಯಾಪಿನ ಮೂಲೆಯಲ್ಲಿ ಒಂದು ಬಾಣವಿತ್ತು, ಅದರ ತುದಿಯಲ್ಲಿ ಎನ್ ಎಂಬ ಅಕ್ಷರ. ನಾರ್ತ್ ಎಲ್ಲಿದೆ ಎಂದು ತೋರಿಸುವ ಗುರುತು. ಕಾರ್ಡನ್ನು ಅಂಗಳಕ್ಕೆ, ದಾರಿಗೆ, ಬಾವಿಗೆ ಹೊಂದಿಸಿ ಹಿಡಿದು ನೋಡಿದೆ. ಸಂಜೆ ಐದೂವರೆ. ಕ್ಲಾರೆನ್ಸನ ನಾರ್ತ್ ಸೀದಾ ಸೂರ್ಯ ಮುಳುಗುವ ಕಡೆಗೆ ಬೆರಳು ತೋರಿಸುತ್ತಿತ್ತು.

"ಎಂತ ಆಯ್ತು ಮಗಾ?"

"ನಾರ್ತ್ ತಪ್ಪುಂಟು ಬಾಯಿ."

"ನಾರ್ತ್ ಎಂತಕ್ಕೆ? ಊಟದ ಹೊತ್ತಿಗೆ ಮನೆ ಸಿಕ್ಕಿದರೆ ಸಾಲದಾ?"

*

ಅದು ನನಗೆ ಇಪ್ಪತ್ತೆರಡು ವರ್ಷ ವಯಸ್ಸಿನಲ್ಲಿ ಶುರುವಾದ ಜಗಳ.

ಉಡುಪಿ ಬಸ್‌ಸ್ಟ್ಯಾಂಡಿನ ಹಿಂದೆ ಬೀರಾನ್ ಸಾಹೇಬರ ಪ್ರೆಸ್ಸು. ಇಗರ್ಜಿಯ ಮದುವೆ, ದೇವಸ್ಥಾನದ ಬ್ರಹ್ಮಕಲಶ, ಮಸೀದಿಯ ಉರೂಸ್, ಎಲ್ಲದರ ಕಾಗದವೂ ಅಲ್ಲೇ ಅಚ್ಚಾಗುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. ಕ್ಲಾರೆನ್ಸ್ ಕಿಟಕಿಯ ಬಳಿ ಓರೆ ಹಲಗೆಯ ಮುಂದೆ ಕುಳಿತು ರೂಟ್ ಮ್ಯಾಪ್ ಬರೆಯುತ್ತಿದ್ದ. ಟ್ರೇಸಿಂಗ್ ಪೇಪರು, ಕಪ್ಪು ಶಾಯಿ, ತಪ್ಪಿದರೆ ಕೆರೆದು ತೆಗೆಯಲು ಅರ್ಧ ಬ್ಲೇಡು.

ನಾವಿಬ್ಬರೂ ಮನೆಯಲ್ಲಿ ಕೊಂಕಣಿ ಮಾತಾಡುವವರು. ಆದರೆ ಮೊದಲ ದಿನ ಸಾಹೇಬರ ಎದುರು ಕನ್ನಡದಲ್ಲಿ ಜಗಳ ಶುರುವಾಯಿತು. ಆಮೇಲೆ ರಾಜಿಯೂ ಕನ್ನಡದಲ್ಲೇ ಆಯಿತು, ಉಳಿದದ್ದೂ.

"ಇದಕ್ಕೆ ಸ್ಕೇಲ್ ಇಲ್ಲ" ಎಂದಿದ್ದೆ ನಾನು. "ಇಗರ್ಜಿಯಿಂದ ಡೈರಿಗೆ ಎರಡು ಕಿಲೋಮೀಟರ್, ಡೈರಿಯಿಂದ ಮನೆಗೆ ಇನ್ನೂರು ಮೀಟರ್. ನೀವು ಎರಡನ್ನೂ ಒಂದೇ ಉದ್ದ ಬರೆದಿದ್ದೀರಿ."

ಅವನು ಪೆನ್ನು ಎತ್ತಲಿಲ್ಲ. ಕಣ್ಣು ಮಾತ್ರ ಎತ್ತಿದ. ಮೊದಲು ನನ್ನ ಬೆರಳು, ಆಮೇಲೆ ಬೆರಳು ತೋರಿಸಿದ ಜಾಗ, ಆಮೇಲೆ ನನ್ನ ಮುಖ. ಆ ಅನುಕ್ರಮ ನನಗೆ ಇವತ್ತಿಗೂ ನೆನಪಿದೆ.

"ಡೈರಿಯವರೆಗೆ ನೇರ ರಸ್ತೆ. ಯಾರೂ ತಪ್ಪುವುದಿಲ್ಲ. ಡೈರಿಯ ನಂತರ ಮೂರು ಓಣಿ ಉಂಟು, ಅಲ್ಲಿ ಮನುಷ್ಯನಿಗೆ ಸಂಶಯ ಬರುತ್ತದೆ. ಸಂಶಯ ಬರುವ ಜಾಗವನ್ನು ದೊಡ್ಡದು ಮಾಡಿ ಬರೆಯಬೇಕು. ದೂರ ಎಷ್ಟಾದರೆ ಎಂತ?"

"ಮತ್ತೆ ನಾರ್ತ್? ನಾರ್ತೇ ಇಲ್ಲವಲ್ಲ!"

"ರೋಸಿಗೆ ಬರುವವರು ಇಗರ್ಜಿಯ ಕಡೆಯಿಂದ ಬರುತ್ತಾರೆ. ನಾರ್ತಿನಿಂದ ಬರುವುದಿಲ್ಲ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಮೂರು ವರ್ಷ ನಡೆಯಿತು. ನಾನು ಇಂಟರ್ನೆಟ್ಟಿನಲ್ಲಿ ಉಪಗ್ರಹದ ಚಿತ್ರ ತೆರೆದು ಅವನ ಮುಂದೆ ಹಿಡಿಯುತ್ತಿದ್ದೆ. ಅವನು ತಲೆದೂಗಿ, ಪ್ರೆಸ್ಸಿನ ಬೈಕು ಹತ್ತಿ, ಆ ಊರಿನ ಇಗರ್ಜಿಯ ಬಾಗಿಲಿನಿಂದ ಮನೆಯ ಗೇಟಿನವರೆಗೆ ನಡೆದೇ ಬರುತ್ತಿದ್ದ. ಸಂಜೆ ಅವನ ಚಪ್ಪಲಿಯ ಧೂಳು ನೋಡಿ ಇವತ್ತು ಪೆರ್ಡೂರಾ, ಕಾರ್ಕಳವಾ ಎಂದು ನಾನು ಹೇಳಿಬಿಡುತ್ತಿದ್ದೆ. ಪಂದ್ಯ ಗೆದ್ದರೆ ಅವನ ಲೆಕ್ಕದಲ್ಲಿ ಬಿಸಿ ಗೋಳಿಬಜೆ. ಅವನು ಬೇಕೆಂದೇ ಸೋಲುತ್ತಿದ್ದ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.

ಸಂಜೆ ಅವನೂ ನಾನೂ ಒಂದೇ ಬಸ್ಸಿನಲ್ಲಿ ಕಾಪುವಿಗೆ ಬರುತ್ತಿದ್ದೆವು. ನಮ್ಮ ಮನೆ ಹೈವೇಯಿಂದ ನಾಲ್ಕು ಹೆಜ್ಜೆ ಒಳಗೆ, ಗೇಟಿನಲ್ಲಿ ಬಿಂಬುಳಿ ಮರ. ಅವನು ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾದವನು ನನ್ನ ಸ್ಟಾಪಿನಲ್ಲೇ ಇಳಿದು, ನಾನು ಗೇಟು ಹಾಕಿದ ಸದ್ದು ಕೇಳಿದ ಮೇಲೆ ನಡೆದು ಹೋಗುತ್ತಿದ್ದ. ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ, ಮತ್ತು ಅಷ್ಟು ಸುಖ ನನಗೆ ಆಮೇಲೆ ಸಿಗಲೂ ಇಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ನನಗೆ ಪುಣೆಯಲ್ಲಿ ಡಿಜಿಟಲ್ ಮ್ಯಾಪಿನ ಕೋರ್ಸಿಗೆ ಸೀಟು ಸಿಕ್ಕಿತು. ಹೋಗಬೇಕೆಂದೂ ಇತ್ತು, ಅವನು ತಡೆಯಬೇಕೆಂದೂ ಇತ್ತು. ಕೊನೆಯ ದಿನ ಪ್ರೆಸ್ಸಿನಲ್ಲಿ ಅವನ ಹಲಗೆಯ ಮುಂದೆ ನಿಂತಾಗ ನನ್ನ ಬಾಯಿಗೆ ಬಂದದ್ದು ಅದೇ ಹಳೆಯ ಜಗಳ.

"ಇನ್ನಾದರೂ ಒಂದು ನಾರ್ತ್ ಹಾಕು ಕ್ಲಾರೆನ್ಸ್. ಬಾಣ ಇಲ್ಲದಿದ್ದರೆ ಮನುಷ್ಯ ಯಾವ ಕಡೆ ಮುಖ ಮಾಡಿ ನಿಂತಿದ್ದಾನೆ ಅಂತ ಹೇಗೆ ಗೊತ್ತಾಗುವುದು?"

"ಆಯ್ತು" ಎಂದ. "ಹಾಕುತ್ತೇನೆ."

ಇಂದ್ರಾಳಿ ಸ್ಟೇಷನ್ನಿಗೆ ಬಂದ. ರೈಲು ಹೊರಡುವ ಮುಂಚೆ ಕಿಟಕಿಯ ಸರಳಿನೊಳಗಿಂದ ಒಂದು ಮಡಚಿದ ಟ್ರೇಸಿಂಗ್ ಪೇಪರು ಕೊಟ್ಟ. ಪುಣೆ ಮುಟ್ಟಿದ ಮೇಲೆ ಬಿಡಿಸುವಷ್ಟು ತಾಳ್ಮೆ ನನಗಿಲ್ಲ. ಬಾರ್ಕೂರು ಬರುವ ಮುಂಚೆಯೇ ಬಿಡಿಸಿದೆ. ಪುಣೆ ಸ್ಟೇಷನ್ನಿನಿಂದ ನನ್ನ ಹಾಸ್ಟೆಲಿನವರೆಗೆ ರೂಟ್ ಮ್ಯಾಪ್. ಪುಣೆ ನೋಡದವನು, ಅಲ್ಲಿದ್ದು ಬಂದ ಯಾರ್ಯಾರನ್ನೋ ಕೇಳಿ, ಸಂಶಯ ಬರುವ ಜಾಗಗಳನ್ನು ದೊಡ್ಡದು ಮಾಡಿ ಬರೆದಿದ್ದ. ಒಂದು ತಿರುವೂ ತಪ್ಪಿರಲಿಲ್ಲ.

ನಾನು ದಾರಿಯುದ್ದಕ್ಕೂ ಅತ್ತೆ. ಇಷ್ಟೆಲ್ಲ ಬರೆಯುವವನಿಗೆ 'ಹೋಗಬೇಡ' ಎಂಬ ನಾಲ್ಕು ಅಕ್ಷರ ಬರಲಿಲ್ಲವಲ್ಲ ಎಂದು ಅತ್ತೆ. ಹೋಗುವ ದಾರಿಯನ್ನು ಇಷ್ಟು ಅಚ್ಚುಕಟ್ಟಾಗಿ ಬರೆದುಕೊಡುವವನಿಗೆ ನಾನು ಹೋಗುವುದೇ ಬೇಕಾಗಿತ್ತು ಎಂದು ತೀರ್ಮಾನ ಮಾಡಿದೆ. ಮರುವರ್ಷ ಹೈವೇ ಅಗಲ ಮಾಡುವಾಗ ನಮ್ಮ ಮನೆ ಹೋಯಿತು. ಅಪ್ಪ ಅಮ್ಮ ಅಣ್ಣನ ಜೊತೆ ಮುಂಬೈಗೆ ಹೋದರು. ಬರಲು ಮನೆಯೂ ಇರಲಿಲ್ಲ, ಕರೆದವನೂ ಇರಲಿಲ್ಲ. ಬಂದ ಸಂಬಂಧಗಳಿಗೆಲ್ಲ ಒಂದೊಂದು ತಪ್ಪು ಹುಡುಕಿ ಕಳುಹಿಸಿದೆ. ಅದರಲ್ಲಿ ನಾನು ಜಾಣೆ.

*

ರೋಸಲಿನ್ ಬಾಯಿಯ ಕಾರ್ಡು ನನ್ನ ಕೆಲಸಕ್ಕೂ ದಾರಿ ತೋರಿಸಿತು. ಆಕಾಶಕ್ಕೆ ಕಾಣದ ಓಣಿಗಳೆಲ್ಲ ಮದುವೆ ಕಾರ್ಡುಗಳ ಹಿಂಬದಿಯಲ್ಲಿವೆ! ನಾನು ಮರುದಿನವೇ ಪ್ರೆಸ್ಸಿಗೆ ಹೋದೆ. ಹಲಗೆಯ ಜಾಗದಲ್ಲಿ ಫ್ಲೆಕ್ಸ್ ಮೆಷಿನ್ ನಿಂತಿತ್ತು. ಬೀರಾನ್ ಸಾಹೇಬರ ಗಡ್ಡ ಪೂರ್ತಿ ಬಿಳಿಯಾಗಿತ್ತು.

"ಈಗ ಕಾರ್ಡೇ ವಾಟ್ಸ್ಯಾಪಿನಲ್ಲಿ ಅಲ್ವಾ ಮಾರಾಯ್ತಿ" ಎಂದರು. "ಅಚ್ಚು ಹಾಕಿಸಿದರೂ ಒಂದು ಕ್ಯೂಆರ್ ಕೋಡ್. ಮ್ಯಾಪ್ ಬರೆಸಿದ ಕೊನೆಯ ಪಾರ್ಟಿ ಬಂದು ನಾಲ್ಕು ವರ್ಷ ಆಯ್ತು. ಕ್ಲಾರೆನ್ಸ್ ಈಗ ಕಾಪುವಿನಲ್ಲಿ ಬೋರ್ಡ್ ಬರೆಯುತ್ತಾನೆ, ದೋಣಿಗೆ ಹೆಸರು ಬರೆಯುತ್ತಾನೆ."

ಕೇಳಬಾರದು ಎಂದುಕೊಂಡೇ ಕೇಳಿದೆ. "ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಅವನ ಅಮ್ಮ ಇದ್ದರು, ತೀರಿಹೋದರು. ಮದುವೆಯಾ? ಊರಿನವರ ಮದುವೆಗೆಲ್ಲ ದಾರಿ ಬರೆದ, ಅವನದ್ದು ಬಾಕಿ."

ಪ್ರತಿ ಕಾರ್ಡಿನ ಒಂದು ಪ್ರತಿಯನ್ನು ಸಾಹೇಬರು ಸ್ಯಾಂಪಲ್ ಫೈಲಿನಲ್ಲಿ ಅಂಟಿಸಿಡುತ್ತಿದ್ದರು. ಫೈಲು ಕೊಡುವಾಗ ಏನೋ ನೆನಪಾಗಿ ನಕ್ಕರು.

"ನೀನು ಹೋದ ಮೇಲೆ ಅವ ಬಾಣ ಹಾಕಲಿಕ್ಕೆ ಶುರು ಮಾಡಿದ. ಒಬ್ಬ ಎಂಜಿನಿಯರ್ ಬಂದು ನಾರ್ತ್ ತಪ್ಪು ಅಂತ ಗಲಾಟೆ ಮಾಡಿದ. ಸರಿ ಮಾಡಿಕೊಡು ಅಂದೆ. ಕೇಳಲೇ ಇಲ್ಲ ಮಾರಾಯ್ತಿ. 'ಸಾಹೇಬ್ರೆ, ಮ್ಯಾಪಿನಲ್ಲಿ ಉಳಿದದ್ದೆಲ್ಲ ಪಾರ್ಟಿಯದ್ದು, ಬಾಣ ಒಂದು ನನ್ನದು' ಅಂದ."

ನಾನು ಹೋದ ನಂತರದ ಕಾರ್ಡುಗಳು ಐವತ್ತೆಂಟು. ಮಣಿಪಾಲದ ಆಫೀಸಿನಲ್ಲಿ ನಾನೂ ನನ್ನ ಸಹಾಯಕ್ಕಿದ್ದ ಕಾವ್ಯಳೂ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಕಾರ್ಡಿನ ಇಗರ್ಜಿಯನ್ನು ನಿಜವಾದ ಇಗರ್ಜಿಯ ಮೇಲೆ, ಸೇತುವೆಯನ್ನು ಸೇತುವೆಯ ಮೇಲೆ ಕೂರಿಸುತ್ತಾ ಹೋದೆವು. ಹಾಗೆ ಕೂರಿಸಿದಾಗ ಕಾರ್ಡು ತಿರುಗಿ ತನ್ನ ನಿಜವಾದ ದಿಕ್ಕಿಗೆ ಬರುತ್ತದೆ. ಬಾಣವೂ ಅದರೊಂದಿಗೆ ತಿರುಗುತ್ತದೆ.

ಕಾರ್ಕಳದ ಬಾಣಗಳೆಲ್ಲ ಪಶ್ಚಿಮಕ್ಕೆ. ಪೆರ್ಡೂರಿನದ್ದು ನೈಋತ್ಯಕ್ಕೆ. ಕಲ್ಯಾಣಪುರದ್ದು ಪೂರ್ತಿ ಉಲ್ಟಾ, ದಕ್ಷಿಣಕ್ಕೆ. ಪಡುಬಿದ್ರಿಯ ಒಂದು ಕಾರ್ಡು ಮಾತ್ರ ಹೆಚ್ಚುಕಡಿಮೆ ಸರಿ.

"ಐವತ್ತೆಂಟರಲ್ಲಿ ಒಂದು" ಎಂದೆ ನಾನು. "ಕಣ್ಣು ಮುಚ್ಚಿ ಹಾಕಿದ್ದರೂ ಇದಕ್ಕಿಂತ ಹೆಚ್ಚು ಸರಿ ಬರುತ್ತಿತ್ತು."

ಕಾವ್ಯ ಪೆನ್ನಿನ ತುದಿ ಕಚ್ಚುತ್ತಾ ಪರದೆ ನೋಡುತ್ತಿದ್ದಳು. ಇಪ್ಪತ್ನಾಲ್ಕರ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು.

"ಮೇಡಂ, ಒಂದು ಹೇಳಲಾ? ದಿಕ್ಕು ಗೊತ್ತಿಲ್ಲದವರು ತಪ್ಪು ಹಾಕಿದರೆ ಬಾಣ ಹೇಗೆ ಬೇಕಾದರೂ ಹೋಗಬೇಕಲ್ವಾ? ಇದು ಹಾಗೆ ಇಲ್ಲ. ಇವರಿಗೆ ದಿಕ್ಕು ಚೆನ್ನಾಗಿ ಗೊತ್ತುಂಟು."

ಅವಳು ಒಂದೊಂದು ಬಾಣವನ್ನೂ ಗೆರೆಯಾಗಿ ಮುಂದಕ್ಕೆ ಎಳೆದಳು. ಕಾರ್ಕಳದಿಂದ ಒಂದು, ಪೆರ್ಡೂರಿನಿಂದ ಒಂದು, ಅಂಬಲಪಾಡಿಯಿಂದ, ಕಟಪಾಡಿಯಿಂದ, ಶಿರ್ವದಿಂದ. ಕೆಂಪು ಗೆರೆಗಳು ಬೆಟ್ಟ, ಹೊಳೆ, ಗದ್ದೆ ದಾಟಿ ಓಡಿದವು. ಎರಡು ಮೂರು ಗೆರೆ ಅಡ್ಡಾದಿಡ್ಡಿ ಹೋಗಿ ಸಮುದ್ರಕ್ಕೆ ಬಿದ್ದವು. ಉಳಿದದ್ದೆಲ್ಲ ಕಾಪುವಿನ ಹತ್ತಿರ, ಹೈವೇಯ ಪಕ್ಕ, ಒಂದೇ ಕಡೆ ಬಂದು ಸೇರಿದವು. ಕಾವ್ಯ ಆ ಜಾಗದ ಸುತ್ತ ಒಂದು ಸಣ್ಣ ವೃತ್ತ ಹಾಕಿ, ಉಪಗ್ರಹದ ಚಿತ್ರವನ್ನು ದೊಡ್ಡದು ಮಾಡಿದಳು. ಸರ್ವಿಸ್ ರೋಡು. ಒಂದು ಬಸ್ ಶೆಲ್ಟರು. ಬೇರೆ ಏನೂ ಇಲ್ಲ.

"ಅಲ್ಲಿ ಎಂತ ಉಂಟು ಮೇಡಂ?"

ನಾನು ಆ ವೃತ್ತದ ಮೇಲೆ ಬೆರಳಿಟ್ಟೆ.

"ಅಲ್ಲಿ ನಮ್ಮ ಮನೆ ಇತ್ತು" ಎಂದೆ.

ಕಾವ್ಯ ಎದ್ದು ಹೋಗಿ ಒಂದು ಲೋಟ ನೀರು ತಂದಿಟ್ಟಳು. ನಾನು ಮೇಜಿಗೆ ತಲೆಯಿಟ್ಟು ಅತ್ತೆ, ನಾಚಿಕೆ ಇಲ್ಲದೆ ಅತ್ತೆ. ನಾನು ಪುಣೆಯಲ್ಲಿ ತಪ್ಪು ಹುಡುಕುತ್ತಾ ಕುಳಿತಿದ್ದ ಹತ್ತು ವರ್ಷ, ಒಬ್ಬ ಮನುಷ್ಯ ಪ್ರತಿ ಅಂಗಳದಲ್ಲಿ ನಿಂತು ನಮ್ಮ ಮನೆಯ ಕಡೆಗೆ ತಿರುಗಿದ್ದ. ಮನೆ ಬಿದ್ದು ಹೋದ ಮೇಲೂ ತಿರುಗಿದ್ದ. ಅಥವಾ ಎಲ್ಲ ನನ್ನ ಭ್ರಮೆಯಾ? ಗೆರೆಗಳು ಬಂದು ಸೇರುವುದು ನಿಜ. ಆದರೆ ಬಾಣ ಹಾಕುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಗಿದೆ. ಅವನ ಮುಖ ಇನ್ನೂ ಅದೇ ಕಡೆಗಿದೆಯಾ ಎನ್ನುವುದನ್ನು ಯಾವ ಉಪಗ್ರಹ ಹೇಳುತ್ತದೆ? ಮೂರು ತಿಂಗಳು ಮುಗಿದಿತ್ತು, ಶನಿವಾರ ನನಗೆ ವಾಪಸು ಹೋಗುವ ರೈಲು. ಅಂದು ಗುರುವಾರ.

*

ಶುಕ್ರವಾರ ಬೆಳಗ್ಗೆ ಸಾಹೇಬರಿಗೆ ಫೈಲು ಹಿಂದಿರುಗಿಸಿ, ರೋಸಲಿನ್ ಬಾಯಿಯ ಮನೆಗೆ ಹೋಗಿ ಆಂಜೆಲಾಳ ಕಾರ್ಡು ಕೇಳಿ ತೆಗೆದುಕೊಂಡು, ಮಧ್ಯಾಹ್ನ ಮೂರಕ್ಕೆ ಕಾಪುವಿಗೆ ಹೋದೆ. ಬೀಚಿಗೆ ಹೋಗುವ ರಸ್ತೆಯಲ್ಲಿ ಅವನ ಅಂಗಡಿ. ಹೊರಗೆ ಮರದ ಸ್ಟೂಲಿನ ಮೇಲೆ ಕುಳಿತು, ಕಿವಿಯ ಮೇಲೆ ಒಂದು ಬ್ರಷ್ ಸಿಕ್ಕಿಸಿಕೊಂಡು, ಇನ್ನೊಂದರಿಂದ ಹೋಟೆಲಿನ ಬೋರ್ಡಿಗೆ ಬಣ್ಣ ತುಂಬುತ್ತಿದ್ದ. ಕನ್ನಡಕ ಬಂದಿದೆ. ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿದೆ. ಕತ್ತು ಬಗ್ಗಿಸುವ ರೀತಿ ಮಾತ್ರ ಒಂದಿಷ್ಟೂ ಬದಲಾಗಿಲ್ಲ.

"ಮೀನು ಊಟ ಅಂತ ಬರೆದಿದ್ದೀಯಲ್ಲ, ಮೀನಿಗೆ ಬಾಲ ಉದ್ದ ಆಯ್ತು" ಎಂದೆ.

ಅವನು ಬ್ರಷ್ ಎತ್ತಲಿಲ್ಲ. ಕಣ್ಣು ಮಾತ್ರ ಎತ್ತಿದ. ನನ್ನ ಚಪ್ಪಲಿ, ಚಪ್ಪಲಿಯ ಧೂಳು, ಆಮೇಲೆ ಮುಖ. ಅಲ್ಲೇ ಕಣ್ಣು ನಿಂತಿತು. ಬ್ರಷ್ಷಿನಿಂದ ಒಂದು ಹನಿ ಕೆಂಪು ಬಣ್ಣ ಮೀನಿನ ಕಣ್ಣಿನ ಮೇಲೆ ಬಿತ್ತು.

"ಕಾರ್ಕಳ" ಎಂದ. "ಆ ಕೆಂಪು ಧೂಳು ಕೋರೆಯ ಹತ್ತಿರದ್ದು. ರೋಸಲಿನ್ ಬಾಯಿಯ ಮನೆ ಕಡೆ ಹೋಗಿದ್ದೆಯಾ?"

"ಗೋಳಿಬಜೆ ಕೊಡಿಸುತ್ತೇನೆ, ನೀನು ಗೆದ್ದೆ" ಎಂದೆ. ಆಮೇಲೆ ಬ್ಯಾಗಿನಿಂದ ಆಂಜೆಲಾಳ ಕಾರ್ಡು ತೆಗೆದು ಅವನ ಮುಂದೆ ಹಿಡಿದೆ. "ಇದು ಯಾವ ಲೋಕದ ನಾರ್ತ್ ಮಾರಾಯ?"

ಅವನು ಕಾರ್ಡು ನೋಡಿ, ಕನ್ನಡಕ ತೆಗೆದು, ಅಂಗಿಯಲ್ಲಿ ಒರೆಸತೊಡಗಿದ. "ನನಗೆ ದಿಕ್ಕು ಗೊತ್ತಾಗುವುದಿಲ್ಲ ಅಂತ ನೀನೇ ಹೇಳುತ್ತಿದ್ದೆಯಲ್ಲ. ಬರುವಾಗ ಬಿಸಿಲು ಜೋರಿತ್ತಾ? ನೀರು ಕುಡಿಯುತ್ತೀಯಾ?"

"ನೀರು ಕಾವ್ಯ ಕೊಟ್ಟಿದ್ದಾಳೆ."

"ಕಾವ್ಯ ಯಾರು?"

ನಾನು ಟ್ಯಾಬ್ ತೆಗೆದು ತೋರಿಸಿದೆ. ಐವತ್ತೆಂಟು ಕೆಂಪು ಗೆರೆ. ಅವನು ಒರೆಸುವುದನ್ನು ನಿಲ್ಲಿಸಿದ. ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿದ. ಮೊದಲು ಅರ್ಥವಾಗಲಿಲ್ಲ. ಬೆರಳಿನಿಂದ ಒಂದು ಗೆರೆಯ ಮೇಲೆ ನಡೆದ, ಇನ್ನೊಂದರ ಮೇಲೆ ನಡೆದ. ಎರಡೂ ಒಂದೇ ಕಡೆ ಮುಟ್ಟಿದಾಗ ಬೆರಳನ್ನು ಬಿಸಿ ತಾಗಿದ ಹಾಗೆ ಹಿಂದಕ್ಕೆ ಎಳೆದುಕೊಂಡ. ಕಿವಿ ಕೆಂಪಾಯಿತು.

"ಇದನ್ನು ಮೆಷಿನ್ ಕಂಡುಹಿಡಿದದ್ದಾ?"

"ಮೆಷಿನ್ನಿಗೆ ಕಂಡದ್ದು ತಪ್ಪು ಮಾತ್ರ. ಅಲ್ಲಿ ಒಂದು ಮನೆ ಇತ್ತು ಅಂತ ಅದಕ್ಕೆ ಎಂತ ಗೊತ್ತು?"

ಅವನು ಬ್ರಷ್ಷುಗಳನ್ನು ಒಂದೊಂದಾಗಿ ಸೀಮೆಎಣ್ಣೆಯ ಡಬ್ಬಿಗೆ ಹಾಕಿದ. ಅಂಗಡಿಯ ಬಾಗಿಲು ಎಳೆದ.

"ಬಾ" ಎಂದ. "ಇಲ್ಲಿ ಹೇಳಲಿಕ್ಕೆ ಆಗುವುದಿಲ್ಲ."

ಹತ್ತು ನಿಮಿಷದ ದಾರಿ. ಸರ್ವಿಸ್ ರೋಡಿನ ಬಸ್ ಶೆಲ್ಟರ್ ಬಂತು. ಬಿಂಬುಳಿ ಮರ ಇಲ್ಲ, ಗೇಟು ಇಲ್ಲ. ಅಡುಗೆಮನೆ ಇದ್ದಲ್ಲಿ ಲಾರಿಗಳು ಓಡುತ್ತಿದ್ದವು. ನಾನು ಮಲಗುತ್ತಿದ್ದ ಕೋಣೆ ಎಲ್ಲಿತ್ತೆಂದು ಅಂದಾಜು ಮಾಡಿದೆ. ಡಿವೈಡರಿನ ದಾಸವಾಳ ಗಿಡದ ಹತ್ತಿರ ಇರಬೇಕು.

"ನೀನು ಹೇಳಿದ್ದೆಯಲ್ಲ, ಬಾಣ ಹಾಕದಿದ್ದರೆ ಮನುಷ್ಯ ಯಾವ ಕಡೆ ಮುಖ ಮಾಡಿ ನಿಂತಿದ್ದಾನೆ ಅಂತ ಹೇಗೆ ಗೊತ್ತಾಗುವುದು ಅಂತ" ಎಂದ ಕ್ಲಾರೆನ್ಸ್, ಹೈವೇ ನೋಡುತ್ತಾ. "ಮೊದಲನೇ ಕಾರ್ಡಿಗೆ ಸರಿಯಾದ ನಾರ್ತೇ ಹಾಕಲಿಕ್ಕೆ ಹೊರಟೆ. ಪೆರ್ಡೂರಿನ ಒಂದು ಅಂಗಳದಲ್ಲಿ ನಿಂತಿದ್ದೆ. ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಅಂತ ನೋಡಿಕೊಂಡೆ. ಅದನ್ನೇ ಹಾಕಿದೆ. ಆಮೇಲೆ ಎಲ್ಲ ಕಡೆಯೂ ಹಾಗೇ ಆಯ್ತು."

"ಮನೆ ಹೋದ ಮೇಲೂ?"

"ನೀನು ವಾಪಸ್ ಬಂದರೆ ಮೊದಲು ಬರುವುದು ಇಲ್ಲಿಗೇ ಅಲ್ವಾ?"

ಒಂದು ಎಕ್ಸ್‌ಪ್ರೆಸ್ ಬಸ್ಸು ಬಂದು ನಿಂತಿತು. "ಉಡುಪಿ, ಉಡುಪಿ!" ಎಂದ ಕಂಡಕ್ಟರ್. ಇಬ್ಬರೂ ಬೇಡ ಎಂದು ಕೈ ಆಡಿಸಿದೆವು.

ನನ್ನ ಸಿಟ್ಟು ಆಗ ಕಟ್ಟೆ ಒಡೆಯಿತು. "ಹದಿನಾಲ್ಕು ವರ್ಷ ಕ್ಲಾರೆನ್ಸ್! ಊರಿನವರಿಗೆಲ್ಲ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹಂಚಿದ್ದೀಯಾ, ನನಗೆ ಒಂದು ಮಾತು ಹೇಳಲಿಕ್ಕೆ ಆಗಲಿಲ್ವಾ? ನನಗೆ ಕೊಟ್ಟದ್ದು ಎಂತದ್ದು? ಪುಣೆಗೆ ಹೋಗುವ ಮ್ಯಾಪ್!"

"ನಿನಗೆ ಹೋಗಬೇಕು ಅಂತ ಆಸೆ ಇತ್ತು. ನಾನು ದಾರಿ ಬರೆಯುವವನು. ಹೋಗುವವರನ್ನು ಅಡ್ಡ ನಿಂತು ತಡೆದರೆ ಅದು ಎಂತ ಪ್ರೀತಿ?" ಎಂದ. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಹೆದರಿಕೆಯೂ ಇತ್ತು. ಬೇಡ ಅಂದ ಮೇಲೂ ನೀನು ಹೋದರೆ?"

ಪ್ರೀತಿ ಎಂಬ ಪದ ಅವನ ಬಾಯಲ್ಲಿ ಬಂದು ಹೋದದ್ದು ಅವನಿಗೇ ತಿಳಿಯಲಿಲ್ಲ. ನನಗೆ ತಿಳಿಯಿತು. ಲಾರಿಗಳ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು.

"ನಾಳೆ ನನ್ನ ರೈಲು" ಎಂದೆ.

"ಗೊತ್ತುಂಟು. ಸಾಹೇಬರು ಫೋನ್ ಮಾಡಿದ್ದರು."

"ಗೊತ್ತಿದ್ದೂ ಮೀನಿಗೆ ಬಾಲ ಬರೆಯುತ್ತಾ ಕೂತಿದ್ದೆಯಾ?"

"ಬೆಳಗ್ಗೆಯಿಂದ ಅದೇ ಮೀನು" ಎಂದ. "ಅದಕ್ಕೇ ಬಾಲ ಉದ್ದ ಆದದ್ದು."

ನಗು ಬಂತು, ಜೊತೆಗೆ ಅಳುವೂ ಬಂತು. ಇನ್ನೊಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ನಮ್ಮನ್ನೇ ನೋಡಿದ. ನಾನು ಒಂದು ಹೆಜ್ಜೆ ಬಸ್ಸಿನ ಕಡೆ ಇಟ್ಟೆ. ನಿಜವಾಗಿ ಹತ್ತಲು ಅಲ್ಲ. ಅಥವಾ ಹತ್ತಲೆಂದೇ ಇರಬಹುದು. ಇನ್ನೊಮ್ಮೆ ಕಿಟಕಿಯ ಸರಳಿನೊಳಗಿಂದ ಕಾಗದ ತೆಗೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಹೋಗಬೇಡ."

ಎಷ್ಟು ಮೆಲ್ಲಗೆ ಹೇಳಿದನೆಂದರೆ ನಾನು ತಿರುಗಿ ಅವನ ತುಟಿ ನೋಡಬೇಕಾಯಿತು. ಅವನು ಇನ್ನೊಮ್ಮೆ, ಈ ಸಲ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

"ಹೋಗಬೇಡ ಕ್ಯಾರಲ್!"

"ಹತ್ತುವುದಾ, ಇಲ್ವಾ?" ಎಂದ ಕಂಡಕ್ಟರ್. "ಬೇಗ ಹೇಳಿ ಮಾರಾಯ್ರೆ, ಹಿಂದೆ ಇನ್ನೊಂದು ಟೈಮಿಂಗಿನ ಬಸ್ಸಿನವ ಬರುತ್ತಿದ್ದಾನೆ."

"ಅವಳು ಬರುವುದಿಲ್ಲ" ಎಂದ ಕ್ಲಾರೆನ್ಸ್.

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವನು ಸೀಟಿ ಊದಿದ, ಬಸ್ಸು ಹೋಯಿತು. ನಮ್ಮ ಮನೆಯ ಗೇಟು ಇದ್ದಲ್ಲಿ ಕ್ಲಾರೆನ್ಸ್ ನನ್ನ ಕೈ ಹಿಡಿದು ನಿಂತಿದ್ದ. ಅವನ ಬೆರಳಿಗೆ ಕೆಂಪು ಬಣ್ಣ ಅಂಟಿತ್ತು, ಆಮೇಲೆ ನನ್ನ ಬೆರಳಿಗೂ ಅಂಟಿತು.

*

ಪುಣೆಯ ಬಾಸ್ ಮಣಿಪಾಲದಿಂದಲೇ ಕೆಲಸ ಮಾಡಲು ಒಪ್ಪಿದರು. ಜನವರಿಯಲ್ಲಿ ಮದುವೆ. ನನ್ನ ರೋಸಿಗೆ ಅಂಗಳವೇ ಇಲ್ಲವಲ್ಲ ಎಂದು ನಾನು ಕೊರಗುತ್ತಿದ್ದಾಗ ರೋಸಲಿನ್ ಬಾಯಿ ಗದರಿದರು. "ನನ್ನ ಅಂಗಳ ಎಂತಕ್ಕೆ ಇರುವುದು? ತೆಂಗಿನಕಾಯಿ ನಮ್ಮದೇ ಉಂಟು."

ಕಾರ್ಡು ಬೀರಾನ್ ಸಾಹೇಬರ ಪ್ರೆಸ್ಸಿನಲ್ಲೇ. ಎದುರು ಬದಿಯ ಮೂಲೆಯಲ್ಲಿ ಕಾವ್ಯಳ ಹಟಕ್ಕೆ ಒಂದು ಕ್ಯೂಆರ್ ಕೋಡ್. ಈಗ ಅದು ಕೋರೆಗೆ ಕರೆದೊಯ್ಯುವುದಿಲ್ಲ, ಸೀದಾ ರೋಸಲಿನ್ ಬಾಯಿಯ ಗೇಟಿಗೆ ಹೋಗುತ್ತದೆ. ತಿದ್ದಿದವಳು ನಾನೇ. ಹಿಂಬದಿಯಲ್ಲಿ ರೂಟ್ ಮ್ಯಾಪ್. ಕ್ಲಾರೆನ್ಸ್ ಮತ್ತೊಮ್ಮೆ ಇಗರ್ಜಿಯ ಬಾಗಿಲಿನಿಂದ ನಡೆದು ಹೋಗಿ ಬರೆದ. ಇಗರ್ಜಿ, ಶಿಲುಬೆ, ಬಾವಿ, ಕೊಡಪಾನ.

ಪ್ರೂಫ್ ಬಂದ ದಿನ ನಾನು ಅದನ್ನು ಹಿಡಿದುಕೊಂಡು ಆ ಅಂಗಳದಲ್ಲಿ ನಿಂತು, ಮೊಬೈಲಿನ ಕಂಪಾಸ್ ತೆರೆದು ಬಾಣವನ್ನು ಪರೀಕ್ಷೆ ಮಾಡಿದೆ. ಮಾಡದೆ ಬಿಡುವವಳಲ್ಲ ನಾನು. ಇನ್ನೊಮ್ಮೆ ನೋಡಿದೆ. ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. ಬಾಣ ತೋರಿಸುತ್ತಿದ್ದದ್ದು ನಿಜವಾದ ನಾರ್ತನ್ನು.

ನನಗೆ ಸ್ವಲ್ಪ ಬೇಸರವೇ ಆಯಿತು.

"ಎಂತ ಇದು? ಇಷ್ಟು ವರ್ಷ ತಪ್ಪು ಹಾಕಿ, ನನ್ನ ಕಾರ್ಡಿಗೇ ಸರಿ ಹಾಕಿದ್ದೀಯಲ್ಲ?"

ಕ್ಲಾರೆನ್ಸ್ ಬಾವಿಕಟ್ಟೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದ.

"ಈ ಸಲ ನೀನು ಮ್ಯಾಪಿನ ಒಳಗೇ ಇದ್ದೀಯಲ್ಲ" ಎಂದ. "ಬಾಣಕ್ಕೆ ಬೇರೆ ಕೆಲಸ ಇಲ್ಲ. ನಾರ್ತನ್ನಾದರೂ ತೋರಿಸಲಿ."